ಮನುಷ್ಯನೂ ದನವೂ: ಸಗರನಾಡಿನ ಬೂದಿದಿಬ್ಬಗಳು

ಕಾಲೇಜುಗಳಲ್ಲಿ ಕಲಿಸತಕ್ಕ ವಿಷಯಗಳ ಪಟ್ಟಿ ವರ್ಷವರ್ಷವೂ ಬೆಳೆಯುತ್ತಿರುವುದಷ್ಟೆ. ಈಚಿನ ಮೂರು ನಾಲ್ಕು ದಶಕಗಳಿಂದ ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ಆ ಪಟ್ಟಿಗೆ ಸೇರಿರುವ ಒಂದು ವಿಷಯ, ಮನುಷ್ಯನಿಗೂ ಪ್ರಾಣಿಗಳಿಗೂ ಇರುವ ಸಂಬಂಧದ ಅಧ್ಯಯನ. ಇದು ಪ್ರಾಣಿಶಾಸ್ತ್ರವಲ್ಲ, ಪಶುವೈದ್ಯವೂ ಅಲ್ಲ. ಪ್ರಾಣಿಯನ್ನು ಕುರಿತು ಮನುಷ್ಯನು ಏನು ಭಾವಿಸಿದನು, ಅದರಿಂದ ಏನನ್ನು ಪಡೆದನು, ಅದಕ್ಕೆ ಪ್ರತಿಯಾಗಿ ಏನನ್ನು ಕೊಟ್ಟನು ಎಂಬ ವಿಚಾರ ಇದರ ವಸ್ತು. ಇದಕ್ಕಾಗಿಯೇ ೧೯೮೭ರಲ್ಲಿ 'ಆಂಥ್ರೊಜೂಸ್' ಎಂಬ ವಿದ್ವತ್ಪತ್ರಿಕೆಯೊಂದು ಹುಟ್ಟಿತು. ಎಮ್ಮೆ ಕರೆಯುವುದಕ್ಕೂ ನಾಯಿಗೆ ಅನ್ನ ಹಾಕುವುದಕ್ಕೂ ಬಿ. ಎ. ಪದವಿ ಬೇಕೆ ಎಂದು ಕೇಳುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಅವರ ಪ್ರಶ್ನೆ ಅಷ್ಟು ಹಗುರವಾದುದಲ್ಲವೆಂದು ನನಗೆ ತೋರುತ್ತದೆ. ಮನೆಮನೆಯಲ್ಲಿಯೂ ಇರುವ ಸಂಬಂಧವನ್ನು ವಿದ್ಯೆಯ ವಿಷಯವಾಗಿ ಮಾಡುವುದರಿಂದ ಹೊಸದಾಗಿ ತಿಳಿಯುವುದೇನು? ಇದಕ್ಕೆ ಉತ್ತರವನ್ನು ನಾವು ದೂರದೇಶಗಳಲ್ಲಿ ಹುಡುಕಬೇಕಾಗಿಲ್ಲ.

ನಮ್ಮ ವಿದ್ಯಾಶಾಲೆಗಳಲ್ಲಿ ದನವು ಎರಡು ಪಾಲಾಗಿ ಹಂಚಿಹೋಗಿದೆ. ದನದ ಮೈ, ಅದರ ರೋಗ, ಅದರ ಹಾಲು, ಇವು ಪಶುವೈದ್ಯ ಕಾಲೇಜಿನ ಪಾಲು. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೫೮ರಿಂದ ಇಂಥ ಕಾಲೇಜು ಇದೆ. ೨೦೦೪ರಲ್ಲಿ ಬೀದರಿನಲ್ಲಿ ಪಶುವಿದ್ಯೆಗೆಂದೇ ಒಂದು ವಿಶ್ವವಿದ್ಯಾನಿಲಯವೂ ಸ್ಥಾಪಿತವಾಯಿತು. ದನವನ್ನು ಕುರಿತ ಪೂಜೆ, ಹಾಡು, ಹಬ್ಬ, ಕಲಹ, ಇವು ಕಲಾಕಾಲೇಜಿನ ಪಾಲು. ಮೊದಲನೆಯ ಕಡೆಯವರಿಗೆ ಮನುಷ್ಯನು 'ಮಾಲೀಕ' ಎಂಬ ಒಂದು ಅಂಕಣದೊಳಗೆ ಬರುತ್ತಾನೆ; ಎರಡನೆಯ ಕಡೆಯವರಿಗೆ ದನವು ಒಂದು ಸಂಕೇತವಾಗಿ ಬರುತ್ತದೆ. ಸಂಬಂಧವೆಂಬುದು ಇಬ್ಬರ ನಡುವೆ ಇರುವಂಥದು. ಹಾಗೆ ನಡುವೆ ಇರುವುದನ್ನು ಯಾರು ಓದಬೇಕು? ಈ ಪ್ರಶ್ನೆ ಬಹಳ ಸ್ಪಷ್ಟವಾಗಿ ಏಳುವ ಒಂದು ಸೀಮೆ ಕನ್ನಡನಾಡಿನಲ್ಲಿಯೇ ಇದೆ. ಅದು ಶಹಾಪುರ ಸುರಪುರಗಳ ಸೀಮೆ. ಅಲ್ಲಿಯ ಜನ ಅದನ್ನು ಸಗರನಾಡೆನ್ನುತ್ತಾರೆ. ೨೦೦೯ರಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಯೊಳಗೆ ಇದು ಸೇರಿದೆ.

ಶಹಾಪುರಕ್ಕೆ ಸಮೀಪದ ಗೋಗಿಯ ಹೆಸರನ್ನು ಚರಿತ್ರೆ ಬಲ್ಲವರು ಕೇಳಿರುವರು. ವಿಜಾಪುರದ ಆದಿಲಶಾಹಿ ಮನೆತನದ ಮೊದಲ ದೊರೆಗಳ ಗೋರಿಗಳು ಅಲ್ಲಿಯ ಚಂದಾ ಹುಸೇನಿ ದರ್ಗಾದ ಬಳಿಯಲ್ಲಿವೆ. ಈಚೆಗೆ ಆ ಊರಿನ ನೆಲದೊಳಗೆ ಯುರೇನಿಯಂ ಖನಿಜ ದೊರೆತುದರಿಂದ ಅದರ ಹೆಸರು ವೃತ್ತಪತ್ರಿಕೆಗಳಲ್ಲಿಯೂ ಬಂದಿತು. ಗೋಗಿ ಎಂಬ ಹೆಸರಿನಲ್ಲಿ 'ಗೋ' ಎಂಬ ಅಕ್ಷರವಿದೆಯೆಂದು ವ್ಯುತ್ಪತ್ತಿ ಹೇಳುವ ಆಸೆ ನನ್ನಂಥವನಿಗೆ ಸಹಜವಾಗಿ ಹುಟ್ಟುತ್ತದೆ. ಆಧಾರವಿಲ್ಲದ ಆಸೆಯಾದುದರಿಂದ ಅದನ್ನು ಅಲ್ಲಿಗೇ ಬಿಡುತ್ತೇನೆ. ಗೋಗಿಯ ಸುತ್ತ ನೆಲದ ಮೇಲೆ ಕಾಣುವ ಸುಣ್ಣಕಲ್ಲು, ಕರಿನೆಲ, ಕುರುಚಲು ಗುಡ್ಡಗಳೇ ದಕ್ಷಿಣಕ್ಕೆ ಕೃಷ್ಣಾನದಿಯ ಕಡೆಗೆ ಹರಡಿಕೊಂಡು ಸುರಪುರದ ದೋಆಬಾಗುತ್ತವೆ. ಬೇಟೆಯ ಹೆಸರನ್ನೇ ಕುಲದ ಹೆಸರಾಗಿ ಉಳ್ಳ ಬೇಡ ನಾಯಕರು ಆಳಿದ ನಾಡು ಅದು. ಅವರಿಗಿಂತ ಬಹು ಹಿಂದೆ ಅಲ್ಲಿ ಬಾಳಿದವರು ದನಗಾಹಿಗಳು. ಅವರು ಬಿಟ್ಟುಹೋದ ದಾಖಲೆ ಬೂದಿ.

ಬೂದಿಹಾಳ, ಬೂದಿಗುಡ್ಡ, ಬೂದಿಕಣಿವೆ ಎಂಬಂಥ ಹೆಸರುಗಳು ಬಳ್ಳಾರಿ, ರಾಯಚೂರು, ಸುರಪುರಗಳ ಕಡೆ ಕೇಳಿಬರುತ್ತವೆ. ಅಂಥ ಎಡೆಗಳಲ್ಲಿ ಅನೇಕ ಕಡೆ ಮಾಸಲು ಬಣ್ಣದ, ಮುಟ್ಟಿದರೆ ಪುಡಿಯಾಗುವ ಬೂದಿಯ ದಿಬ್ಬಗಳಿವೆ. ಕೆಲವೆಡೆ ಬೂದಿಯು ಕರಗಿ ಗಟ್ಟಿಯಾಗಿ ಕಬ್ಬಿಣದ ಕಿಟ್ಟದಂತೆ, ಗಾಜಿನಂತೆ ಆಗಿರುವುದೂ ಉಂಟು. ಕರ್ನಾಟಕ, ಆಂಧ್ರ, ತೆಲಂಗಾಣಗಳಲ್ಲಿ ಸೇರಿ ಇಂಥ ದಿಬ್ಬಗಳು ನೂರಕ್ಕೂ ಮೇಲೆ ಗುರುತಾಗಿವೆ. ಭೀಮಸೇನನು ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಇದು ಎಂದು ಬಳ್ಳಾರಿಯ ಕಡೆಯ ಹಳ್ಳಿಯವರು ಹೇಳುತ್ತಿದ್ದರು. ೧೮೩೦ರ ದಶಕದಿಂದ ಇವನ್ನು ನೋಡುತ್ತ ಬಂದ ಆಂಗ್ಲ ಅಧಿಕಾರಿಗಳು ಹಳ್ಳಿಯವರ ಮಾತಿಗೆ ನಕ್ಕು, ತಾವು ಜ್ವಾಲಾಮುಖಿಯೆಂದೂ, ಲೋಹ ಕರಗಿಸಿದ ಕುಲುಮೆಯೆಂದೂ, ಯುದ್ಧದಲ್ಲಿ ಸತ್ತವರ ಸಾಮೂಹಿಕ ಚಿತೆಯೆಂದೂ ಊಹಿಸಿದರು. ರಾಕ್ಷಸನ ಕತೆಗಿಂತ ಈ ಊಹೆಗಳು ಸತ್ಯಕ್ಕೆ ಹೆಚ್ಚು ಹತ್ತಿರವಾಗಿದ್ದವೆಂದು ಹೇಳಲಾರೆವು.

ನಿಜವನ್ನು ಮೊದಲು ಹಿಡಿದವನು ರಾಬರ್ಟ್ ಬ್ರೂಸ್ ಫುಟ್ ಎಂಬ ಭೂಗರ್ಭಶಾಸ್ತ್ರಜ್ಞ. ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಕಂಡುಹಿಡಿದವನು ಈತನೇ. ಮುಂದೆ ಮೈಸೂರು ಸಂಸ್ಥಾನದ ಸೇವೆಯಲ್ಲಿಯೂ ಇದ್ದನು. ಈ ದಿಬ್ಬಗಳು ಸುಟ್ಟ ಸಗಣಿಯ ರಾಶಿಗಳು, ಪುರಾತನ ದನದ ದೊಡ್ಡಿಗಳಿದ್ದ ಜಾಗಗಳು ಎಂದು ಅವನು ಹೇಳಿದನು. ಸಗಣಿ ಎಂದೊಡನೆ ವಿದ್ವಾಂಸರು ಮೂಗು ಮುರಿದರೋ ಏನೋ, ಆ ಮಾತು ನೆಲೆಗೊಳ್ಳುವುದಕ್ಕೆ ಬಹಳ ಕಾಲ ಹಿಡಿಯಿತು. ೧೯೫೭ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಕೃಷ್ಣಾ ತುಂಗಭದ್ರೆಗಳ ನಡುವಣ ಉಟ್ನೂರಿನ ದಿಬ್ಬವನ್ನು ಅಗೆದರು. ಬೂದಿಯ ಪದರಗಳ ನಡುವೆ ಮರದ ಗೂಟಗಳ ಬೇಲಿ ನಿಂತಿದ್ದ ಕುಳಿಗಳು ಸಾಲಾಗಿ ಕಂಡುಬಂದವು. ಒಂದು ಪದರದ ಮೇಲೆ ದನಗಳು ನಡೆದಾಡಿದ ಗೊರಸಿನ ಗುರುತುಗಳೂ ಮೂಡಿದ್ದವು. ೧೯೬೦ರಲ್ಲಿ ಝಾಯ್ನರ್ ಎಂಬುವರು ಬೂದಿಯನ್ನು ಪರೀಕ್ಷಿಸಿ, ಅದು ಸಗಣಿಯದೇ ಎಂದೂ, ಹೆಚ್ಚು ಕಾವಿನಲ್ಲಿ ಅದೇ ಕಿಟ್ಟದಂತೆ ಕರಗುವುದೆಂದೂ ತೋರಿಸಿದರು. ಮೇವಿನ ಹುಲ್ಲಿನೊಳಗೆ ಮರಳಿನ ಸತ್ತ್ವ ಸೂಕ್ಷ್ಮ ಕಣಗಳಾಗಿರುತ್ತದೆ. ದನದ ಹೊಟ್ಟೆಯಲ್ಲಿ ಅದು ಅರಗುವುದಿಲ್ಲ. ಸಗಣಿಯಲ್ಲಿ ಉಳಿದು ಬೆಂಕಿಯಲ್ಲಿ ಗಾಜಾಗುತ್ತದೆ. ಹಾಗಾಗಿ ರಾಕ್ಷಸನೂ ಹೋದನು, ಜ್ವಾಲಾಮುಖಿಯೂ ಹೋಯಿತು, ದನ ಉಳಿಯಿತು.

ಆದರೆ ಪ್ರಶ್ನೆ ಮುಗಿಯಲಿಲ್ಲ. ಒಕ್ಕಲಿಗನಿಗೆ ಸಗಣಿ ಎಂದರೆ ಧನ. ಅದು ಗೊಬ್ಬರ, ಅದು ಕುಳ್ಳು, ಅದು ಮನೆಯ ನೆಲ. ಕುರುಬರು ತಮ್ಮ ಮಂದೆಯನ್ನು ರೈತನ ಹೊಲದಲ್ಲಿ ರಾತ್ರಿ ತರುಬಿದರೆ ರೈತನು ಅದಕ್ಕಾಗಿ ಕಾಳನ್ನೋ ಹಣವನ್ನೋ ಕೊಡುವ ರೂಢಿ ಆ ಸೀಮೆಯಲ್ಲಿ ಇಂದಿಗೂ ಇದೆ. ಹೀಗಿರುವಾಗ ನೂರಾರು ಗಾಡಿ ಸಗಣಿಯನ್ನು ಒಂದೆಡೆ ಒಟ್ಟಿ, ಮತ್ತೆ ಮತ್ತೆ ಸುಟ್ಟುಹಾಕಿದ ಜನ ಎಂಥವರು? ಅವರಿಗೆ ವ್ಯವಸಾಯ ತಿಳಿದೇ ಇರಲಿಲ್ಲವೆನ್ನುವಂತಿಲ್ಲ. ಆ ಕಾಲದ ನೆಲೆಗಳಲ್ಲಿ ಹುರುಳಿ, ಹೆಸರು, ಕೊರಲೆಯಂಥ ಧಾನ್ಯಗಳು ಸಿಕ್ಕಿವೆ. ಉಣ್ಣೆ, ನೊಣ, ಜಾಡ್ಯಗಳ ನಿವಾರಣೆಗಾಗಿ ಸುಟ್ಟರೆಂದು ಕೆಲವರು. ದೊಡ್ಡಿಗೆ ಆಕಸ್ಮಿಕವಾಗಿ ಬೆಂಕಿ ಬಿದ್ದಿತೆಂದು ಕೆಲವರು. ಆಲ್ಚಿನ್ನರು ಹಬ್ಬದ ಕಡೆಗೆ ಬೆರಳು ತೋರಿಸಿದರು. ಹೋಳಿ, ದೀಪಾವಳಿ, ಸಂಕ್ರಾಂತಿಗಳ ಬೆಂಕಿಯೊಡನೆ ಇದನ್ನು ಅವರು ಹೋಲಿಸಿದರು. ಮೈಸೂರು ಸೀಮೆಯ ಶ್ರೋತೃಗಳಿಗೆ ಸಂಕ್ರಾಂತಿಯ ಸಂಜೆ ಹೋರಿ ಹಸುಗಳನ್ನು ಕಿಚ್ಚು ಹಾಯಿಸುವುದನ್ನು ವರ್ಣಿಸಬೇಕಾದುದಿಲ್ಲ. ದನದ ಮೈಯ ಹುಳು ಸಾಯಲೆಂದು ಕಿಚ್ಚು ಎನ್ನುವ ಮುದುಕನೂ, ದನಕ್ಕೆ ದೃಷ್ಟಿ ಹೋಗಲೆಂದು ಕಿಚ್ಚು ಎನ್ನುವ ಅವನ ಹೆಂಡತಿಯೂ ಒಂದೇ ಬೆಂಕಿಯ ಮುಂದೆ ನಿಂತಿರುತ್ತಾರೆ. ಆರೋಗ್ಯವೋ ಆಚಾರವೋ ಎಂದು ಇಬ್ಭಾಗ ಮಾಡಿ ಕೇಳುವುದು ನಮ್ಮ ಪರೀಕ್ಷೆಯ ಪ್ರಶ್ನಪತ್ರಿಕೆಗಳ ಅಭ್ಯಾಸ. ದೊಡ್ಡಿಯಲ್ಲಿ ಅದು ಒಂದೇ ಕೆಲಸವಾಗಿದ್ದಿರಬಹುದು. ಹಾಗೆಂದು ನಾಲ್ಕು ಸಾವಿರ ವರ್ಷ ಒಂದೇ ಹಬ್ಬ ಮುರಿಯದೆ ನಡೆದುಬಂದಿತೆಂದು ಹೇಳಿದರೆ ಅದು ಸಾಹಸದ ಮಾತಾಗುತ್ತದೆ.

ಈಗ ಸುರಪುರದ ಕಡೆಗೆ ಬರೋಣ. ಪುಣೆಯ ಡೆಕ್ಕನ್ ಕಾಲೇಜಿನ ಮೂಲ ೧೮೨೧ರಷ್ಟು ಹಳೆಯದು. ೧೯೩೪ರಲ್ಲಿ ಅದು ಮುಚ್ಚಿಹೋಗಿ, ೧೯೩೯ರಲ್ಲಿ ಸಂಶೋಧನಸಂಸ್ಥೆಯಾಗಿ ಮತ್ತೆ ತೆರೆಯಿತು. ಅಲ್ಲಿಯ ಸಂಶೋಧನವಿದ್ಯಾರ್ಥಿಯಾಗಿ ಕೆ. ಪದ್ದಯ್ಯನವರು ೧೯೬೫–೬೬ರಲ್ಲಿ ಸುರಪುರ ಸೀಮೆಯ ಕೊಡೇಕಲ್ಲಿನ ಬೂದಿದಿಬ್ಬವನ್ನು ಅಗೆದರು. ಅಂದಿನಿಂದ ಅವರ ಜೀವಮಾನದ ದೊಡ್ಡ ಪಾಲು ಆ ಸೀಮೆಯಲ್ಲಿಯೇ ಕಳೆಯಿತು. ೨೦೧೨ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ೧೯೯೦ರ ದಶಕದಲ್ಲಿ ಅವರೂ ಅವರ ಸಂಗಡಿಗರೂ ಬೂದಿಹಾಳವನ್ನು ಹಲವು ಋತುಗಳ ಕಾಲ ಅಗೆದರು. ಅಲ್ಲಿಯವರೆಗೆ ಬೂದಿದಿಬ್ಬವೆಂದರೆ ಅಲೆಮಾರಿಗಳು ಕೆಲವು ತಿಂಗಳು ದನ ಕೂಡಿ ಹೊರಟುಹೋದ ಜಾಗವೆಂಬ ಭಾವನೆ ಬಲವಾಗಿತ್ತು. ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲಿಯೇ ಮನೆಗಳ ನೆಲೆ, ಕಲ್ಲಿನ ಉಪಕರಣ ಮಾಡಿದ ಎಡೆ, ಗಡಿಗೆಗಳಲ್ಲಿಟ್ಟು ಹೂಳಿದ ಮಕ್ಕಳ ದೇಹಗಳು ಕಂಡವು. ತಮ್ಮ ಮಕ್ಕಳನ್ನು ಮಣ್ಣುಮಾಡಿದ ಜಾಗ ಯಾರಿಗೂ ಬರಿಯ ತಂಗುದಾಣವಲ್ಲ. ಅದು ಊರು, ಮನುಷ್ಯನೂ ದನವೂ ಒಂದೇ ಅಂಗಳ ಹಂಚಿಕೊಂಡಿದ್ದ ಊರು.

ಅದೇ ಊರಿನಲ್ಲಿ, ಬೂದಿದಿಬ್ಬಕ್ಕೆ ಸಮೀಪದಲ್ಲಿಯೇ, ಇನ್ನೊಂದು ಸಂಗತಿಯೂ ಹೊರಬಿದ್ದಿತು. ಗಟ್ಟಿಮಾಡಿದ ಒಂದು ವಿಶಾಲವಾದ ನೆಲ, ಅದರ ಮೇಲೆ ಹರಡಿದ್ದ ಅಪಾರ ಮೂಳೆಗಳು, ಮೂಳೆಗಳ ನಡುವೆ ಕಲ್ಲಿನ ಆಯುಧಗಳು. ಮೂಳೆಗಳಲ್ಲಿ ಹೆಚ್ಚಿನವು ದನದವು. ಅದು ದನಗಳನ್ನು ಕಡಿದು ಮಾಂಸ ಬಿಡಿಸಿದ ನೆಲವೆಂದು ಪದ್ದಯ್ಯ, ಪಿ. ಕೆ. ಥಾಮಸ್, ಪಿ. ಪಿ. ಜೋಗಳೇಕರ್ ಮೂವರೂ ೧೯೯೫ರಲ್ಲಿ ಪ್ರಕಟಿಸಿದರು. ಆ ನೆಲದ ವಿಸ್ತಾರವನ್ನು ನೋಡಿದರೆ ಅದು ಒಂದು ಮನೆಯ ಅಡುಗೆಗೆ ಬೇಕಾದುದಲ್ಲ, ಊರೊಟ್ಟಿನ ಕಾರ್ಯಕ್ಕೆ ಬಳಸಿದುದಾಗಿರಬೇಕು.

ಮೂಳೆಯಿಂದ ಇಷ್ಟೆಲ್ಲ ಹೇಗೆ ತಿಳಿಯುತ್ತದೆಂಬುದನ್ನು ಸ್ವಲ್ಪ ವಿವರಿಸಬೇಕು. ದನದ ವಯಸ್ಸನ್ನು ಸಂತೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡಿ ಹೇಳುವರಷ್ಟೆ. ಪ್ರಯೋಗಶಾಲೆಯಲ್ಲಿಯೂ ಅದೇ ವಿದ್ಯೆ. ಯಾವ ಹಲ್ಲು ಹುಟ್ಟಿದೆ, ಎಷ್ಟು ಸವೆದಿದೆ ಎಂಬುದರಿಂದ ಆ ಪ್ರಾಣಿ ಯಾವ ಪ್ರಾಯದಲ್ಲಿ ಸತ್ತಿತೆಂದು ಎಣಿಸುತ್ತಾರೆ. ಎಳೆಯ ಗಂಡುಕರುಗಳೇ ಹೆಚ್ಚಾಗಿ ಸತ್ತಿದ್ದರೆ ಆ ಜನ ಹಾಲಿಗಾಗಿ ದನ ಸಾಕಿದರೆಂದು ಊಹೆ. ಬೆಳೆದ ಹೋರಿಗಳು ಹೆಚ್ಚಾಗಿದ್ದರೆ ಮಾಂಸಕ್ಕಾಗಿ. ಮುದಿಯಾದವು ಹೆಚ್ಚಾಗಿದ್ದು ಕಾಲಿನ ಎಲುಬುಗಳು ಭಾರ ಎಳೆದು ದಪ್ಪಗಟ್ಟಿದ್ದರೆ ಹೂಟೆಗಾಗಿ. ಆಯುಧದ ಗೀರು ಕೀಲಿನ ಬಳಿ ಇದ್ದರೆ ಅಂಗ ಬಿಡಿಸಿದ್ದು, ಎಲುಬಿನ ನಡುವೆ ಇದ್ದರೆ ಮಾಂಸ ತೆಗೆದದ್ದು, ತಲೆಯ ಮೇಲೂ ಗೊರಸಿನ ಬಳಿಯೂ ಇದ್ದರೆ ತೊಗಲು ಸುಲಿದದ್ದು. ಸಂತೆಯಲ್ಲಿ ಎತ್ತು ಕೊಳ್ಳುವ ರೈತನಿಗೂ, ಕಟುಕನಿಗೂ, ಸಮಗಾರನಿಗೂ ತಿಳಿದಿರುವ ವಿದ್ಯೆಯೇ ಇದು. ವಿದ್ವಾಂಸನು ಅದನ್ನು ಅಳತೆಗೂ ಎಣಿಕೆಗೂ ಒಳಪಡಿಸುತ್ತಾನೆ, ಅಷ್ಟೆ.

ಬೂದಿಹಾಳದ ಪಾಠ ಇಂದಿನ ಯಾವ ಪಕ್ಷಕ್ಕೂ ಪೂರ್ತಿಯಾಗಿ ರುಚಿಸತಕ್ಕುದಲ್ಲ. ಅಲ್ಲಿಯ ಜನ ದನವನ್ನು ಬರಿಯ ಮಾಂಸವೆಂದು ಎಣಿಸಿದರೆನ್ನಲು ಸಾಧ್ಯವಿಲ್ಲ. ಆ ಕಾಲದವರು ಮಣ್ಣಿನಲ್ಲಿ ಹೋರಿಯ ಬೊಂಬೆಗಳನ್ನು ಮಾಡಿದರು, ಪಿಕ್ಲಿಹಾಳ ಕುಪ್ಪಗಲ್ಲುಗಳ ಬಂಡೆಗಳ ಮೇಲೆ ಉದ್ದಕೊಂಬಿನ ಗೂಳಿಗಳನ್ನು ಕಟೆದರು, ಸಗಣಿಯನ್ನು ಬೆಟ್ಟದಂತೆ ಒಟ್ಟಿ ಅದಕ್ಕೆ ಬೆಂಕಿಯಿಟ್ಟರು. ದನವನ್ನು ಅವರು ಮುಟ್ಟದೆ ಪೂಜಿಸಿದರೆನ್ನಲೂ ಸಾಧ್ಯವಿಲ್ಲ, ಮೂಳೆಗಳು ಇವೆ. ಗೌರವವೂ ಉಪಯೋಗವೂ ಒಂದನ್ನೊಂದು ನೂಕಿಹಾಕುವ ವಸ್ತುಗಳೆಂದು ನಾವು ಊಹಿಸಿಕೊಂಡಿರುವೆವು. ೧೯೪೦ರಲ್ಲಿ ಇವಾನ್ಸ್ ಪ್ರಿಚರ್ಡ್ ಎಂಬ ಆಂಗ್ಲ ವಿದ್ವಾಂಸನು ಸೂಡಾನಿನ ನೂವೆರ್ ದನಗಾಹಿಗಳ ಮೇಲೆ ಬರೆದ ಗ್ರಂಥವನ್ನು ನೋಡಿದರೆ, ಎತ್ತಿನ ಹೆಸರನ್ನು ತಮಗೇ ಇಟ್ಟುಕೊಳ್ಳುವಷ್ಟು ದನಪ್ರೀತಿಯುಳ್ಳ ಆ ಜನರೂ ಬಲಿಯ ದಿನ ಅದನ್ನು ಕೊಂದು ತಿನ್ನುವುದು ತಿಳಿಯುತ್ತದೆ. ೧೯೬೬ರಲ್ಲಿ ಮಾರ್ವಿನ್ ಹ್ಯಾರಿಸ್ ಎಂಬ ಅಮೇರಿಕದ ಪಂಡಿತನು, ಭಾರತದಲ್ಲಿ ಗೋವು ಪವಿತ್ರವಾದುದಕ್ಕೆ ಅದರ ಸಗಣಿ, ಹಾಲು, ಹೂಟೆಗಳೇ ಕಾರಣವೆಂದು ವಾದಿಸಿದನು. ಪೂಜೆಯ ಹಿಂದೆ ಲೆಕ್ಕಾಚಾರವಿದೆಯೆಂಬುದು ಅವನ ಮತ. ವಾದ ಚತುರವಾದುದು, ಆದರೆ ಸಗಣಿಯನ್ನು ಹೊಲಕ್ಕೆ ಹಾಕದೆ ಸುಟ್ಟ ಬೂದಿಹಾಳದವರು ಆ ಲೆಕ್ಕದ ಪುಸ್ತಕದೊಳಗೆ ಸುಲಭವಾಗಿ ಕೂಡುವುದಿಲ್ಲ.

ಇಂಥ ವಿಷಯದಲ್ಲಿ ಪಶುವೈದ್ಯನೂ ಚರಿತ್ರಕಾರನೂ ಒಂದೆಡೆ ಕುಳಿತರೆ ಏನಾಗುವುದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಇನ್ನೊಂದು ಉದಾಹರಣೆ ಇದೆ. ಹಿರೇಕೆರೂರು ಕಡೆಯ ತುಂಗಭದ್ರಾ ತೀರದ ಹಳ್ಳೂರನ್ನು ಎಂ. ಎಸ್. ನಾಗರಾಜರಾಯರು ೧೯೬೫ರಲ್ಲಿ ಅಗೆದರು. ಸಿಕ್ಕ ಮೂಳೆಗಳನ್ನು ಪಶುವೈದ್ಯರಾದ ಕೆ. ಆರ್. ಆಲೂರರ ಕೈಗೆ ಒಪ್ಪಿಸಿದರು. ಅವುಗಳೊಳಗೆ ಕುದುರೆಯ ಮೂಳೆಯೂ ಇದೆಯೆಂದು ಆಲೂರರು ಹೇಳಿದರು. ೧೯೭೧ರಲ್ಲಿ ಅದು ಅಚ್ಚಾಯಿತು. ಕುದುರೆಯನ್ನು ಯಾರು ಯಾವಾಗ ಈ ದೇಶಕ್ಕೆ ತಂದರೆಂಬ ದೊಡ್ಡ ವಿವಾದದೊಳಗೆ ಆ ಸಣ್ಣ ಮೂಳೆ ಸಿಕ್ಕಿಬಿದ್ದಿತು. ಆ ವಿವಾದದಲ್ಲಿ ಮಾತನಾಡಿದ ಅನೇಕರಿಗೆ ಕುದುರೆಯ ಎಲುಬಿಗೂ ಕತ್ತೆಯ ಎಲುಬಿಗೂ ಇರುವ ಭೇದ ಗೊತ್ತಿದ್ದಿತೋ ಇಲ್ಲವೋ, ಆಲೂರರಿಗಂತೂ ಜೀವಂತ ಪ್ರಾಣಿಗಳನ್ನು ಮುಟ್ಟಿ ಚಿಕಿತ್ಸೆ ಮಾಡಿದ ಕೈಯಿತ್ತು.

ಸಗರನಾಡಿನ ಸಾಕ್ಷ್ಯ ಬೂದಿಹಾಳಕ್ಕೇ ನಿಲ್ಲುವುದಿಲ್ಲ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವನು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ಮಾಡಿದ ನೆಲೆಯೊಂದನ್ನು ಪದ್ದಯ್ಯನವರು ೧೯೯೭ರಿಂದ ಅಗೆದರು. ಅದು ಎಷ್ಟು ಹಳೆಯದೆಂದು ಕಲ್ಲು ಹೇಳಲಾರದು. ಅಲ್ಲಿ ಸಿಕ್ಕ, ದನದ ಜಾತಿಗೆ ಸೇರಿದ ಕಾಡುಮೃಗದ ಹಲ್ಲಿನ ಹೊಳಪುಕವಚವನ್ನು ಪರೀಕ್ಷಿಸಿ, ಸುಮಾರು ೧೨ ಲಕ್ಷ ವರ್ಷವೆಂದು ೨೦೦೨ರಲ್ಲಿ ಪ್ರಕಟಿಸಿದರು. ಮನುಷ್ಯನ ವಯಸ್ಸನ್ನು ಇಲ್ಲಿ ಹೇಳಿದ್ದು ಮೃಗದ ಹಲ್ಲು.

ಇದೆಲ್ಲ ಹಳೆಯ ಮಾತಾಯಿತೆನ್ನುವವರು ಇಂದಿನ ಸಗರನಾಡಿಗೇ ಹೋಗಬಹುದು. ಕಾರಹುಣ್ಣಿಮೆಯ ದಿನ ಅಲ್ಲಿ ಎತ್ತುಗಳಿಗೆ ಬಣ್ಣ ಬಳಿದು ಕರಿ ಹರಿಯುತ್ತಾರೆ. ಮುಂದಿನ ಅಮಾವಾಸ್ಯೆಯಂದು ಮಣ್ಣಿನಲ್ಲಿ ಎತ್ತು ಮಾಡಿ ಮನೆಯ ಜಗಲಿಯಲ್ಲಿಟ್ಟು ಪೂಜಿಸುತ್ತಾರೆ. ಅದೇ ಜಿಲ್ಲೆಯ ಮೈಲಾಪುರದಲ್ಲಿ ಸಂಕ್ರಾಂತಿಯ ಮೈಲಾರಲಿಂಗನ ಜಾತ್ರೆಯಲ್ಲಿ, ಕುರಿ ಕಾಯುವ ಭಕ್ತರು ತಮ್ಮ ಮಂದೆ ಬೆಳೆಯಲೆಂದು ಹರಕೆ ಹೊತ್ತು, ಪಲ್ಲಕ್ಕಿಯ ಮೇಲೆ ಕುರಿಮರಿಗಳನ್ನು ಎಸೆಯುವ ರೂಢಿ ಇತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿ, ಜಾತ್ರೆಯ ದಾರಿಗಳಲ್ಲಿ ಮರಿಗಳನ್ನು ತಡೆದು ವಶಪಡಿಸಿಕೊಳ್ಳುತ್ತ ಬಂದಿದೆ. ಮರಿಯ ನೋವನ್ನು ತಪ್ಪಿಸಿದ ಆ ಕ್ರಮ ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ರಾತ್ರಿಯೆಲ್ಲ ಮರಿಯನ್ನು ಕಂಬಳಿಯೊಳಗೆ ಬೆಚ್ಚಗಿಟ್ಟು ಮಲಗುವವನೇ ಅದನ್ನು ದೇವರ ಮೇಲೆ ಎಸೆಯುವನೇಕೆ ಎಂಬುದನ್ನು ಪೊಲೀಸಿನವರು ತಿಳಿಯಬೇಕಾದ ಅಗತ್ಯವಿಲ್ಲ, ಕಾಲೇಜಿನವರಿಗೆ ಉಂಟು. ಗೋಗಿಗೆ ದೂರವಲ್ಲದ ಭೀಮರಾಯನಗುಡಿಯಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೃಷಿ ಕಾಲೇಜು ಇದೆ. ಅಲ್ಲಿಯ ವಿದ್ಯಾರ್ಥಿಗಳನ್ನು ಒಂದು ದಿನ ಬೂದಿಹಾಳಕ್ಕೂ, ಒಂದು ರಾತ್ರಿ ಕುರಿಯ ಹಟ್ಟಿಗೂ ಕರೆದೊಯ್ದರೆ ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಪ್ರಾಧ್ಯಾಪಕರೂ ಬೇಡ.

ಆದರೆ ಅವಸರ ಮಾಡಬೇಕು. ನಾರಾಯಣಪುರದಲ್ಲಿ ೧೯೮೨ರಲ್ಲಿ ಮುಗಿದ ಕೃಷ್ಣೆಯ ಅಣೆಕಟ್ಟಿನಿಂದ ಎಡದಂಡೆಯ ಕಾಲುವೆ ಹರಿದ ಮೇಲೆ ಸುರಪುರ ಶಹಾಪುರಗಳ ಬಯಲು ಬದಲಾಯಿತು. ಜೋಳ ಬೆಳೆಯುತ್ತಿದ್ದ ಹೊಲಗಳೂ ದನ ಮೇಯುತ್ತಿದ್ದ ಬೀಳುಗಳೂ ಬತ್ತದ ಗದ್ದೆಗಳಾದವು. ಬರಗಾಲದ ಸೀಮೆಗೆ ನೀರು ಬಂದುದನ್ನು ಯಾರೂ ಅಲ್ಲಗಳೆಯಲಾರರು. ಗದ್ದೆಗಾಗಿ ನೆಲ ಸಮಮಾಡಿದಾಗ ಹಳೆಯ ನೆಲೆಗಳು ಅಳಿದವು, ಮಂದೆಗೆ ಮೇವಿನ ಜಾಗ ಕಿರಿದಾಯಿತು. ಬೂದಿದಿಬ್ಬಗಳಿಗಂತೂ ಇನ್ನೊಂದು ಅಪಾಯ. ಅವುಗಳ ಬೂದಿ ಬೆಳೆಗೆ ಒಳ್ಳೆಯದೆಂದು ರೈತರು ಕಂಡುಕೊಂಡಿದ್ದಾರೆ. ಹಲವು ದಿಬ್ಬಗಳನ್ನು ಅಗೆದಗೆದು, ಮೊದಲು ಗಾಡಿಗಳಲ್ಲಿ, ಈಗ ಟ್ರ್ಯಾಕ್ಟರುಗಳಲ್ಲಿ ಹೊಲಕ್ಕೆ ಸಾಗಿಸಿದ್ದಾರೆ. ನಾಲ್ಕು ಸಾವಿರ ವರ್ಷದ ಹಿಂದೆ ಹೊಲಕ್ಕೆ ಹಾಕದೆ ಸುಟ್ಟ ಸಗಣಿ ಹೀಗೆ ಕೊನೆಗೂ ಹೊಲವನ್ನು ಸೇರುತ್ತಿದೆ; ಅದರೊಡನೆ, ಅದನ್ನು ಏಕೆ ಸುಟ್ಟರೆಂಬುದನ್ನು ತಿಳಿಯಲು ಉಳಿದಿದ್ದ ಪದರಗಳೂ.